ಟೂಲಿಗಿಂತ ಮೊದಲು ಟರ್ಮಿನಲ್ ನೋಡಿ: ವಾಹನದ ವೈರಿಂಗ್ ಕುರಿತ ಪ್ರಶ್ನೋತ್ತರ

ಮಳೆಗಾಲ ಕಳೆದ ಮೇಲೆ ಬರುವ ಪತ್ರಗಳಲ್ಲಿ ವಾಹನದ ವೈರಿಂಗ್ ಕೆಟ್ಟ ದೂರುಗಳೇ ಹೆಚ್ಚು. ಈ ಸಲ ಉತ್ತರ ಕನ್ನಡ ಜಿಲ್ಲೆಯಿಂದ ಬಂದ, ವೈರ್ ಸುಲಿಯುವ ಮತ್ತು ಟರ್ಮಿನಲ್ (ವೈರಿನ ತುದಿಗೆ ಕೂರಿಸುವ ಲೋಹದ ತುಂಡು) ಒತ್ತುವ ಉಪಕರಣಗಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಬಳಸಿದ ಕಾರೊಂದನ್ನು ಕೊಂಡಿದ್ದೇನೆ. ಅದರ ಫಾಗ್ ಲ್ಯಾಂಪಿನ ವೈರುಗಳನ್ನು ಬರೇ ಹೊಸೆದು ಟೇಪು ಸುತ್ತಿದ್ದರು. ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು. ಎಲ್ಲವನ್ನೂ ನಾನೇ ಹೊಸದಾಗಿ ಮಾಡಿಕೊಳ್ಳುವ ಆಸೆ. ಅಂಗಡಿಯಲ್ಲಿ ಮೂರು ಬಗೆಯ ಉಪಕರಣ ತೋರಿಸಿದರು: ಸುಲಿಯಲು, ಕತ್ತರಿಸಲು, ಒತ್ತಲು ಎಲ್ಲಕ್ಕೂ ಆಗುವ ತಗಡಿನ ಇಕ್ಕಳ, ‘ಕಟಕಟ’ ಎನ್ನುವ ರ‍್ಯಾಚೆಟ್ ಕ್ರಿಂಪಿಂಗ್ ಟೂಲ್, ತಾನಾಗಿ ಸುಲಿಯುವ ಸ್ಟ್ರಿಪ್ಪರ್. ಒಂದಕ್ಕೆ ಮಾತ್ರ ಹೆಚ್ಚು ಹಣ ಹಾಕಬಲ್ಲೆ. ಯಾವುದಕ್ಕೆ ಹಾಕಲಿ?
— ಓದುಗರು, ಕಾರವಾರ

ಉತ್ತರ: ಹಣವನ್ನು ರ‍್ಯಾಚೆಟ್ ಟೂಲಿಗೇ ಹಾಕಿ. ಆದರೆ ಅದನ್ನು ಕೊಳ್ಳುವ ಮೊದಲು ನೀವು ಯಾವ ಟರ್ಮಿನಲ್ ಬಳಸುತ್ತೀರಿ ಎಂಬುದನ್ನು ತೀರ್ಮಾನಿಸಬೇಕು. ಹೆಚ್ಚಿನವರು ಮೊದಲು ಟೂಲ್ ಕೊಂಡು, ಆಮೇಲೆ ಕೈಗೆ ಸಿಕ್ಕಿದ ಟರ್ಮಿನಲ್ಲನ್ನು ಅದರಲ್ಲಿ ಒತ್ತಿ ನೋಡುತ್ತಾರೆ. ಜೋಡಣೆ ಕೆಡುವುದು ಅಲ್ಲಿಂದಲೇ.

ಕ್ರಿಂಪ್ ಎಂದರೆ ವೈರನ್ನು ಲೋಹದ ತುಂಡಿನಿಂದ ಹಿಡಿದುಕೊಳ್ಳುವುದಷ್ಟೇ ಅಲ್ಲ. ತಾಮ್ರದ ಎಳೆಗಳೂ ಟರ್ಮಿನಲ್ಲಿನ ಲೋಹವೂ ಒತ್ತಡಕ್ಕೆ ಆಕಾರ ಬದಲಿಸಿ, ನಡುವೆ ಗಾಳಿಗೆ ಜಾಗವೇ ಉಳಿಯದಂತೆ ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಒತ್ತಡ ಕಡಿಮೆಯಾದರೆ ಸಂದು ಉಳಿದು ಅದರೊಳಗೆ ತೇವ ಸೇರುತ್ತದೆ. ಹೆಚ್ಚಾದರೆ ಎಳೆಗಳು ಹಿಚುಕಿ ತೆಳುವಾಗಿ, ಗಾಡಿಯ ಅದುರಾಟಕ್ಕೆ ಒಂದೊಂದಾಗಿ ಕಡಿಯುತ್ತವೆ. ಈ ಎರಡರ ನಡುವಿನ ಅಳತೆಯನ್ನು ನಿರ್ಧರಿಸುವುದು ಟೂಲಿನ ಬಾಯಲ್ಲಿರುವ ಅಚ್ಚು, ಅಂದರೆ ಡೈ. ಟರ್ಮಿನಲ್ಲಿನ ಆಕಾರ ಬದಲಾದರೆ ಡೈ ಕೂಡ ಬದಲಾಗಲೇಬೇಕು.

ಕಾರಿನ ಕೆಲಸದಲ್ಲಿ ಮುಖ್ಯವಾಗಿ ಎದುರಾಗುವುದು ಎರಡು ಬಗೆ. ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ತೋಳಿರುವ ಟರ್ಮಿನಲ್ ಮೊದಲನೆಯದು. ಇದಕ್ಕೆ ಮೊಟ್ಟೆಯಾಕಾರದ ಗುಂಡಿಗಳಿರುವ ಡೈ ಬೇಕು. ಗುಂಡಿಯ ಒಂದು ಪಕ್ಕ ತಾಮ್ರವನ್ನು ಒತ್ತಿದರೆ, ತುಸು ಅಗಲವಾದ ಇನ್ನೊಂದು ಪಕ್ಕ ವೈರಿನ ಹೊದಿಕೆಯನ್ನು ಹಿಡಿಯುತ್ತದೆ. ಎರಡನೆಯದು ಪ್ಲಾಸ್ಟಿಕ್ ಇಲ್ಲದ, ಮೇಲ್ಗಡೆ ತೆರೆದಿರುವ, ಎರಡು ಜೊತೆ ರೆಕ್ಕೆಗಳುಳ್ಳ ಟರ್ಮಿನಲ್. ನಿಮ್ಮ ಕಾರಿನ ಯಾವುದೇ ಕಪ್ಲರ್ (ವೈರುಗಳನ್ನು ಸಿಕ್ಕಿಸಿ ಜೋಡಿಸುವ ಪ್ಲಾಸ್ಟಿಕ್ ಗೂಡು) ಬಿಚ್ಚಿದರೂ ಕಾರ್ಖಾನೆಯವರು ಹಾಕಿರುವುದು ಈ ಬಗೆಯದೇ. ಇದರ ಡೈಯಲ್ಲಿ ಒಂದು ಬದಿಗೆ ಎರಡು ಕಮಾನುಗಳಿರುತ್ತವೆ. ರೆಕ್ಕೆಗಳು ಆ ಕಮಾನಿನೊಳಗೆ ಮೇಲೇರಿ, ಸುರುಳಿಯಾಗಿ ಕೆಳಗಿಳಿದು ಎಳೆಗಳ ನಡುವೆ ಹೂತುಕೊಳ್ಳುತ್ತವೆ. ಟರ್ಮಿನಲ್ಲನ್ನು ತಲೆಕೆಳಗಾಗಿ ಇಟ್ಟರೆ ರೆಕ್ಕೆಗಳು ಮಡಚುವುದೇ ಇಲ್ಲ, ಚಪ್ಪಟೆಯಾಗಿ ಬಿಡುತ್ತವೆ.

ಅಂಗಡಿಯವರು ತೋರಿಸಿದ ತಗಡಿನ ಇಕ್ಕಳ ತಾಮ್ರದ ಮೇಲೆ ಒಂದು ಗುಳಿ ಬೀಳಿಸುತ್ತದೆಯೇ ಹೊರತು ಸುತ್ತಲೂ ಒತ್ತುವುದಿಲ್ಲ. ಅದರ ಒತ್ತಡವೂ ಆ ಹೊತ್ತಿಗೆ ನಿಮ್ಮ ಕೈಯಲ್ಲಿರುವ ಕಸುವಿನಷ್ಟೇ. ಬಾನೆಟ್ಟಿನ ಕೆಳಗೆ ಕೈ ತೂರಿಸಿ, ಬೆವರುತ್ತ ಮಾಡುವ ಹತ್ತನೆಯ ಜೋಡಣೆ ಮೊದಲನೆಯದರಂತೆ ಇರಲಾರದು. ರ‍್ಯಾಚೆಟ್ ಟೂಲ್ ಪೂರ್ತಿ ಒತ್ತಿದ ಹೊರತು ಬಾಯಿ ಬಿಡುವುದಿಲ್ಲವಾದ್ದರಿಂದ ಪ್ರತಿ ಸಲವೂ ಒತ್ತಡ ಒಂದೇ ಆಗಿರುತ್ತದೆ. ಹಿಡಿಕೆಯ ಬುಡದಲ್ಲಿ ಹಲ್ಲುಗಳಿರುವ ಸಣ್ಣ ಚಕ್ರವೊಂದಿದ್ದು, ಅದನ್ನು ತಿರುಗಿಸಿ ಒತ್ತಡವನ್ನು ಹೆಚ್ಚುಕಡಿಮೆ ಮಾಡಬಹುದು. ಟರ್ಮಿನಲ್ ನಡುವೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಪಕ್ಕದಲ್ಲೊಂದು ಸನ್ನೆಯೂ ಇರುತ್ತದೆ. ಈ ಎರಡೂ ಇಲ್ಲದ ಟೂಲ್ ಕೊಳ್ಳಬೇಡಿ.

ಡೈಗಳನ್ನು ಬದಲಾಯಿಸಬಹುದಾದ ಚೌಕಟ್ಟೊಂದನ್ನು ಕೊಂಡು, ಅದಕ್ಕೆ ತೆರೆದ ಟರ್ಮಿನಲ್ಲಿನ ಡೈಯನ್ನು ಮೊದಲು, ಬಣ್ಣದ ಟರ್ಮಿನಲ್ಲಿನ ಡೈಯನ್ನು ಆಮೇಲೆ ಸೇರಿಸಿಕೊಳ್ಳುವುದು ನನ್ನ ಸಲಹೆ. ಜರ್ಮನಿಯ ಕ್ನಿಪೆಕ್ಸ್ ಬಹಳ ಒಳ್ಳೆಯದೇ, ಆದರೆ ವರ್ಷಕ್ಕೆ ಒಂದೆರಡು ಸಲ ಬಳಸುವವರಿಗೆ ಅಷ್ಟು ಬೆಲೆ ತೆರುವ ಅಗತ್ಯವಿಲ್ಲ. ಟಪಾರಿಯಾ, ಜೈನ್ಸನ್ ಹೆಸರಿನ ಟೂಲ್‌ಗಳು ನಮ್ಮ ಊರುಗಳಲ್ಲೇ ಸಿಗುತ್ತವೆ. ಬ್ರ್ಯಾಂಡ್ ಯಾವುದೇ ಇರಲಿ, ನಿಮ್ಮದೇ ವೈರಿನ ತುಂಡು ಮತ್ತು ನಾಲ್ಕಾರು ಟರ್ಮಿನಲ್ ಒಯ್ದು ಅಂಗಡಿಯಲ್ಲೇ ಒತ್ತಿ ನೋಡಿ. ಬಾಯಿ ಮುಚ್ಚಿದಾಗ ಮೇಲಿನ ಡೈ ಮತ್ತು ಕೆಳಗಿನ ಡೈ ನೇರಕ್ಕೆ ಕೂರದೆ ಪಕ್ಕಕ್ಕೆ ಸರಿದಂತಿದ್ದರೆ ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಒತ್ತಿದ ತೆರೆದ ಟರ್ಮಿನಲ್ಲನ್ನು ಬೆಳಕಿಗೆ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಿ. ಮುಂದಿನ ಜೊತೆ ರೆಕ್ಕೆಗಳು ಎಳೆಗಳ ಮೇಲೆ ನಡುಮಧ್ಯದಲ್ಲಿ ಸಂಧಿಸಿ ಒಳಕ್ಕೆ ಹೂತಿರಬೇಕು. ಅವುಗಳ ಮುಂದೆ ಎಳೆಗಳ ತುದಿ ಒಂದು ಮಿಲಿಮೀಟರಿನಷ್ಟು ಹೊರಗೆ ಇಣುಕುತ್ತಿರಬೇಕು. ಎರಡು ಜೊತೆ ರೆಕ್ಕೆಗಳ ನಡುವಿನ ಕಿಂಡಿಯಲ್ಲಿ ಅರ್ಧ ಭಾಗ ತಾಮ್ರ, ಅರ್ಧ ಭಾಗ ಹೊದಿಕೆಯ ಅಂಚು ಕಾಣಬೇಕು. ಹಿಂದಿನ ರೆಕ್ಕೆಗಳು ಹೊದಿಕೆಯನ್ನು ಬಿಗಿಯಾಗಿ ತಬ್ಬಿರಬೇಕು, ಆದರೆ ಸೀಳಿರಬಾರದು. ವೈರು ಅಲುಗಿದಾಗ ಆ ಅಲುಗಾಟ ತಾಮ್ರದವರೆಗೆ ಹೋಗದಂತೆ ತಡೆಯುವುದು ಇವೇ ರೆಕ್ಕೆಗಳು.

ಇನ್ನು ಕಿಲುಬಿನ ಮಾತು. ಉಪ್ಪು ತಾನಾಗಿ ತೇವ ಹೀರಿ ನೀರಾಗಲು ಗಾಳಿಯಲ್ಲಿ ಶೇಕಡಾ 75ರಷ್ಟು ಸಾಪೇಕ್ಷ ಆರ್ದ್ರತೆ ಸಾಕು. ಮಳೆಗಾಲದ ಕಾರವಾರದಲ್ಲಿ ತೇವ ಅದಕ್ಕಿಂತ ಮೇಲೆಯೇ ಇರುವುದರಿಂದ, ಕಡಲ ಗಾಳಿ ಹೊತ್ತು ತಂದ ಉಪ್ಪು ವೈರಿನ ತುದಿಯಲ್ಲಿ ಕುಳಿತರೆ ಮಳೆ ತಾಗದಿದ್ದರೂ ಅಲ್ಲಿ ಉಪ್ಪುನೀರಿನ ಪಸೆ ಇದ್ದೇ ಇರುತ್ತದೆ. ಆ ಪಸೆ ಎಳೆಗಳ ನಡುವಿನ ಸಂದಿಯಲ್ಲಿ ಹೊದಿಕೆಯ ಒಳಗೊಳಗೇ ಮೇಲೇರುತ್ತದೆ. ಹೀಗಾಗಿ ಹಳೆಯ ವೈರಿನ ತುದಿಯನ್ನಷ್ಟೇ ಕತ್ತರಿಸಿ ಹೊಸ ಟರ್ಮಿನಲ್ ಹಾಕಿದರೆ ಪ್ರಯೋಜನವಿಲ್ಲ. ಫಳಫಳ ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸುತ್ತ ಹೋಗಿ. ಕಪ್ಪಾದ ಎಳೆಗಳನ್ನು ಎಂಥ ಟೂಲಿನಲ್ಲಿ ಒತ್ತಿದರೂ ಜೋಡಣೆ ನಿಲ್ಲುವುದಿಲ್ಲ. ಒತ್ತಿದ ಮೇಲೆ ಒಳಗೆ ಅಂಟು ಬಳಿದಿರುವ, ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬನ್ನು ಹಾಕಿ, ಎರಡೂ ತುದಿಯಲ್ಲಿ ಅಂಟಿನ ತೆಳು ಉಂಗುರ ಹೊರಬರುವಷ್ಟು ಕಾಯಿಸಬೇಕು. ಅಂಟಿಲ್ಲದ ಸಾದಾ ಟ್ಯೂಬ್ ನಮ್ಮ ಕರಾವಳಿಗೆ ಸಾಲದು. ಕಪ್ಲರಿನ ಒಳಗೆ ಕೂರುವ ಪಿನ್ನಿಗೆ ಟ್ಯೂಬ್ ಹಾಕಲು ಬರುವುದಿಲ್ಲ. ಅಲ್ಲಿ ರಬ್ಬರ್ ಸೀಲ್ ಇರುವ ಕಪ್ಲರನ್ನೇ ಆರಿಸಿ.

ಸಣ್ಣ ಲೆಕ್ಕವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. 55 ವ್ಯಾಟಿನ ಎರಡು ಹ್ಯಾಲೊಜನ್ ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಅವೆರಡರ ಹಾದಿಯಲ್ಲಿ ಒಂದೇ ಒಂದು ಜೋಡಣೆ ಕೆಟ್ಟು 0.1 ಓಮ್ ತಡೆ ಹುಟ್ಟಿದರೂ ಅಲ್ಲಿ 0.9 ವೋಲ್ಟ್ ನಷ್ಟವಾಗುತ್ತದೆ, 8 ವ್ಯಾಟ್ ಶಾಖ ಬರೇ ಆ ಜೋಡಣೆಯಲ್ಲಿ ಹುಟ್ಟುತ್ತದೆ. ವೋಲ್ಟೇಜ್ ತುಸು ಇಳಿದರೂ ಹ್ಯಾಲೊಜನ್ ಬಲ್ಬಿನ ಬೆಳಕು ಬಹಳ ಇಳಿಯುವುದರಿಂದ, ದೀಪ ಕಾಲು ಭಾಗದಷ್ಟು ಮಂಕಾಗುತ್ತದೆ. ಈ ದೀಪಗಳಿಗೆ ರಿಲೇ (ದೀಪದ ಕರೆಂಟನ್ನು ಸ್ವಿಚ್ಚಿನ ಬದಲು ತಾನೇ ಹಾಯಿಸುವ ಸಾಧನ) ಮತ್ತು ಬ್ಯಾಟರಿಯ ಹತ್ತಿರವೇ ಫ್ಯೂಸ್ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೆಲಸಕ್ಕೆ ತೊಡಗುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರುಗಳ ತಂಟೆಗೆ ಹೋಗಬೇಡಿ.

ಪ್ರಶ್ನೆ: ನಾನು ಮನೆ ವೈರಿಂಗ್ ಮಾಡುವವನು. ಆ ಕೆಲಸದ ಸ್ಟ್ರಿಪ್ಪರ್ ಕಾರಿನ ವೈರಿಗೂ ಆಗುತ್ತದೆಯೇ? ಇಲ್ಲಿಯವರೆಗೆ ಬ್ಲೇಡಿನಲ್ಲೇ ಸುಲಿಯುತ್ತಿದ್ದೇನೆ.
— ಓದುಗರು, ಸಿದ್ದಾಪುರ

ಉತ್ತರ: ಕೈ ಪಳಗಿದವರು ಬ್ಲೇಡಿನಲ್ಲೂ ಚೆನ್ನಾಗಿ ಸುಲಿಯುತ್ತಾರೆ ಎಂಬುದು ನಿಜ. ಆದರೂ ಕಾರಿನ ವೈರಿನ ಮಟ್ಟಿಗೆ ಆ ಅಭ್ಯಾಸ ಬಿಡುವುದು ಮೇಲು. ಈಗಿನ ಕಾರುಗಳ ತೆಳು ಹೊದಿಕೆಯ ವೈರಿನಲ್ಲಿ ಪ್ಲಾಸ್ಟಿಕ್ಕಿನ ದಪ್ಪ ಕಾಲು ಮಿಲಿಮೀಟರಿನ ಆಸುಪಾಸಿನದು. ಮನೆಯ ವೈರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಅಡಿಕೆ ಸುಲಿಯುವಾಗ ಕತ್ತಿಯ ಮೊನೆ ಒಳಗಿನ ಅಡಿಕೆಗೆ ತಾಗದಂತೆ ನಿಮ್ಮ ಊರಿನವರು ಹೇಗೆ ಎಚ್ಚರ ವಹಿಸುತ್ತಾರೋ ಇಲ್ಲಿಯೂ ಅದೇ ಎಚ್ಚರ ಬೇಕು, ಆದರೆ ಇಲ್ಲಿ ಸಿಪ್ಪೆ ಕೂದಲಿನಷ್ಟು ತೆಳು. 22 ಎಳೆಗಳ ವೈರಿನಲ್ಲಿ ಮೂರು ಎಳೆ ಕಡಿದರೆ ಏಳನೆಯ ಒಂದು ಭಾಗ ತಾಮ್ರ ಹೋದಂತೆ; ಪೂರ್ತಿ ಕಡಿಯದೆ ಗಾಯವಾದ ಎಳೆ ಕೂಡ ಅದುರಾಟಕ್ಕೆ ಮುಂದೊಂದು ದಿನ ಅಲ್ಲಿಯೇ ಕಡಿಯುತ್ತದೆ.

ವೈರಿನ ಗಾತ್ರಕ್ಕೆ ತಕ್ಕ ತೂತುಗಳಿರುವ ಸಾದಾ ಸ್ಟ್ರಿಪ್ಪರ್ ನಿಮ್ಮ ಬಳಿ ಇದ್ದರೆ ಅದೇ ಸಾಕು. ಕೆಲವು ಟೂಲ್‌ಗಳ ಎರಡು ಬದಿಯಲ್ಲಿ ಬೇರೆ ಬೇರೆ ಅಂಕಿ ಕೊರೆದಿರುತ್ತಾರೆ: ಒಂದು ಗಟ್ಟಿ ಒಂಟಿ ತಂತಿಗೆ, ಇನ್ನೊಂದು ಎಳೆಗಳಿರುವ ವೈರಿಗೆ. ಕಾರಿನಲ್ಲಿ ಎಳೆಯ ವೈರಿನ ಅಂಕಿಯನ್ನೇ ನೋಡಬೇಕು. ಸಂದೇಹವಿದ್ದರೆ ಒಂದು ದೊಡ್ಡ ತೂತಿನಿಂದ ಶುರುಮಾಡಿ ಕೆಳಗಿಳಿಯಿರಿ. ಇಕ್ಕಟ್ಟಾದ ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ಕೆಲಸ ಮಾಡುವಾಗ ತಾನಾಗಿ ಸುಲಿಯುವ ಸ್ಟ್ರಿಪ್ಪರ್ ಬಹಳ ಅನುಕೂಲ. ಆದರೆ ಅದು ಹೊದಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವುದರಿಂದ ತೆಳು ಹೊದಿಕೆಯ ಮೇಲೆ ಗುರುತು ಬೀಳಬಹುದು. ಬಿಗಿ ಸರಿಪಡಿಸುವ ತಿರುಪು ಇರುವುದನ್ನೇ ಕೊಳ್ಳಿ. ಸುಲಿದ ಮೇಲೆ ಎಳೆಗಳನ್ನು ಬೆರಳಿನಲ್ಲಿ ಬಿಗಿಯಾಗಿ ಹೊಸೆಯುವ ಅಭ್ಯಾಸವೂ ಬೇಡ, ಅವು ಬಂದ ಸುರುಳಿಯಲ್ಲೇ ಇರಲಿ.

ಹಾಗೆಯೇ ಮನೆಯ ವೈರಿನ ಉಳಿದ ತುಂಡುಗಳನ್ನು ಬಾನೆಟ್ಟಿನ ಒಳಗೆ ಬಳಸಬೇಡಿ. ಸಾಮಾನ್ಯ ಮನೆ ವೈರಿನ ಹೊದಿಕೆ 70 ಡಿಗ್ರಿ ಸೆಲ್ಸಿಯಸ್ ತಾಳುವಂಥದ್ದು. ಎಂಜಿನ್ ಪಕ್ಕಕ್ಕೆ 105 ಡಿಗ್ರಿಯ ವಾಹನ ವೈರೇ ಬೇಕು.

ಪ್ರಶ್ನೆ: ಟೂಲಿನ ಮೇಲೆ ಎ.ಡಬ್ಲ್ಯು.ಜಿ. ಎಂದು 22ರಿಂದ 10ರವರೆಗೆ ಅಂಕಿಗಳಿವೆ. ನಮ್ಮಲ್ಲಿ ವೈರ್ ಸಿಗುವುದು ಚದರ ಮಿಲಿಮೀಟರಿನಲ್ಲಿ. ಹೊಂದಿಸುವುದು ಹೇಗೆ?
— ಓದುಗರು, ಕುಮಟಾ

ಉತ್ತರ: ಅದು ಅಮೆರಿಕದ ಅಳತೆ, ಅಂಕಿ ಹೆಚ್ಚಿದಷ್ಟೂ ವೈರು ತೆಳು. 20 ಎಂದರೆ ಸುಮಾರು 0.5 ಚದರ ಮಿ.ಮೀ., 18 ಎಂದರೆ 0.8, 16 ಎಂದರೆ 1.3, 14 ಎಂದರೆ 2.1, 12 ಎಂದರೆ 3.3, 10 ಎಂದರೆ 5.3. ಜಪಾನಿ ಮೂಲದ ಕಾರುಗಳಲ್ಲಿ ಕಾಣುವ 0.85, 1.25, 2 ಮತ್ತು 3ರ ವೈರುಗಳು ಇವುಗಳಿಗೆ ಹತ್ತಿರವೇ ಬರುತ್ತವೆ. ನಮ್ಮ 1.5 ಮತ್ತು 2.5ರ ವೈರುಗಳು ಮಾತ್ರ ಎರಡು ಅಂಕಿಗಳ ನಡುವೆ ಬೀಳುವುದರಿಂದ ಮಿಲಿಮೀಟರಿನ ಗುರುತಿರುವ ಟೂಲನ್ನೇ ಕೇಳಿ ಪಡೆಯಿರಿ. ಬಣ್ಣದ ಟರ್ಮಿನಲ್ಲಿನಲ್ಲಿ ಕೆಂಪು 0.5ರಿಂದ 1.5ಕ್ಕೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ. ತೆಳು ವೈರನ್ನು ಮಡಚಿ ದಪ್ಪ ಮಾಡಿ ದೊಡ್ಡ ಟರ್ಮಿನಲ್ಲಿಗೆ ತುರುಕುವವರೂ ಇದ್ದಾರೆ, ಹಾಗೆ ಮಾಡಬಾರದು.

ಪ್ರಶ್ನೆ: ತೋಟದ ಕೆಲಸಕ್ಕೆ ಪಿಕಪ್ ಗಾಡಿ ಇದೆ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಹತ್ತುತ್ತದೆ. ಹಿಂದಿನ ದೀಪದ ವೈರ್ ಪದೇ ಪದೇ ಕಡಿಯುತ್ತದೆ. ಬೆಸುಗೆ (ಸೋಲ್ಡರ್) ಹಾಕಿದರೆ ಗಟ್ಟಿ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಹೌದೇ?
— ಓದುಗರು, ಶಿರಸಿ

ಉತ್ತರ: ಬೆಸುಗೆಯಿಂದ ವಿದ್ಯುತ್ ಚೆನ್ನಾಗಿ ಹರಿಯುತ್ತದೆ ಎಂಬ ಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ತೊಂದರೆ ಇರುವುದು ಬೇರೆ ಕಡೆ. ಕರಗಿದ ಬೆಸುಗೆ ಎಳೆಗಳ ನಡುವೆ ಹೊದಿಕೆಯ ಒಳಗೂ ಹರಿದು ಹೋಗಿ ಅಷ್ಟು ಉದ್ದದ ವೈರನ್ನು ಒಂದೇ ಗಟ್ಟಿ ಕಡ್ಡಿಯಾಗಿಸುತ್ತದೆ. ಆ ಕಡ್ಡಿ ಮುಗಿದು ಬಳುಕುವ ವೈರು ಶುರುವಾಗುವ ಜಾಗದಲ್ಲಿ ಅದುರಾಟದ ಪೆಟ್ಟೆಲ್ಲ ಬೀಳುತ್ತದೆ. ನಿಮ್ಮ ಗಾಡಿಯಲ್ಲಿ ಕಡಿದ ವೈರನ್ನು ನೋಡಿ: ಹಿಂದೆ ಬೆಸುಗೆ ಹಾಕಿದ್ದರೆ, ಕಡಿದಿರುವುದು ಬೆಸುಗೆಯಲ್ಲಲ್ಲ, ಅದರಿಂದ ತುಸು ಆಚೆಗೆ. ಕಾರ್ಖಾನೆಯಲ್ಲಿ ಕಾರಿನ ವೈರಿಂಗಿನ ಪಿನ್ನುಗಳನ್ನು ಒತ್ತಿಯೇ ಕೂರಿಸುತ್ತಾರೆ. ವೈರಿಗೆ ವೈರು ಸೇರಿಸಬೇಕಾದಲ್ಲಿ ಒತ್ತುತ್ತಾರೆ ಅಥವಾ ಅಲ್ಟ್ರಾಸಾನಿಕ್ ವೆಲ್ಡಿಂಗ್ ಮಾಡುತ್ತಾರೆ.

ಬೆಸುಗೆಯ ಪೇಸ್ಟಿನ ಬಗ್ಗೆಯೂ ಎಚ್ಚರ ಬೇಕು. ಆಮ್ಲವಿರುವ ಅಗ್ಗದ ಪೇಸ್ಟಿನ ಉಳಿಕೆಯನ್ನು ತೊಳೆಯದೆ ಬಿಟ್ಟರೆ ಅದೇ ತಾಮ್ರವನ್ನು ತಿನ್ನುತ್ತದೆ. ಇನ್ನು ಕೆಲವರು ಎರಡೂ ಇರಲಿ ಎಂದು ಎಳೆಗಳಿಗೆ ಮೊದಲು ಬೆಸುಗೆ ಬಳಿದು ಆಮೇಲೆ ಟರ್ಮಿನಲ್ ಒತ್ತುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು: ಬೆಸುಗೆಯ ಲೋಹ ಮೆತ್ತಗಿನದಾದ್ದರಿಂದ ಒತ್ತಡದ ಕೆಳಗೆ ನಿಧಾನವಾಗಿ ಸರಿಯುತ್ತ ಹೋಗಿ, ಬಿಗಿಯಾಗಿದ್ದ ಟರ್ಮಿನಲ್ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ.

ನಿಮ್ಮ ಗಾಡಿಗೆ ಅಂಟು ಟ್ಯೂಬಿನ ತೋಳಿರುವ ಕ್ರಿಂಪ್ ಜೋಡಕ ಹಾಕಿಸಿ, ಜೋಡಣೆಯ ಎರಡೂ ಪಕ್ಕ ಒಂದು ಗೇಣಿನೊಳಗೆ ವೈರನ್ನು ಚಾಸಿಗೆ ಕ್ಲಿಪ್ಪಿನಿಂದ ಬಿಗಿಯಿರಿ. ಈ ಜೋಡಕಕ್ಕೆ ನುಣುಪಾದ, ಹಲ್ಲಿಲ್ಲದ ಡೈ ಬೇಕು. ಮೊನೆಯಿರುವ ಡೈ ತೋಳನ್ನು ತೂತು ಮಾಡಿದರೆ ಅಂಟು ಇದ್ದೂ ಇಲ್ಲದಂತೆ. ಪದೇ ಪದೇ ಕಡಿಯುವುದಕ್ಕೆ ನೇತಾಡುವ ವೈರೇ ಕಾರಣವಾಗಿರುವ ಸಾಧ್ಯತೆ ಹೆಚ್ಚು, ಅದನ್ನು ಮೊದಲು ನೋಡಿ.

ಪ್ರಶ್ನೆ: ವೈರನ್ನು ಕತ್ತರಿಸದೆ, ಮೇಲಿಂದ ಅದುಮಿ ಕವಲು ತೆಗೆಯುವ ಪ್ಲಾಸ್ಟಿಕ್ ಕ್ಲಿಪ್ ಸಿಗುತ್ತದೆ. ಟೂಲೇ ಬೇಡವಂತೆ. ಬಳಸಬಹುದೇ?
— ಓದುಗರು, ಭಟ್ಕಳ

ಉತ್ತರ: ಬೇಡ. ಅದರೊಳಗಿನ ತಗಡು ಹೊದಿಕೆಯನ್ನು ಸೀಳುವಾಗ ಎಳೆಗಳನ್ನೂ ಗಾಯಗೊಳಿಸಬಹುದು, ಸೀಳಿದ ಜಾಗ ಕಡಲ ಗಾಳಿಗೆ ತೆರೆದೇ ಇರುತ್ತದೆ. ಒಣ ಊರುಗಳಲ್ಲಿ, ಕಾರಿನ ಒಳಗೆ, ಸ್ಟೀರಿಯೋದಂಥ ಸಣ್ಣ ಕೆಲಸಕ್ಕೆ ಹೇಗೋ ನಡೆದೀತು.

ಪ್ರಶ್ನೆ: ಮೀನುಗಾರಿಕೆ ದೋಣಿಯ ಬ್ಯಾಟರಿ ಕೇಬಲ್ಲಿನ ಥಿಂಬಲ್ಲನ್ನು (ದಪ್ಪ ಕೇಬಲ್ಲಿನ ತುದಿಗೆ ಹಾಕುವ ದೊಡ್ಡ ಟರ್ಮಿನಲ್) ಸುತ್ತಿಗೆಯಿಂದ ಬಡಿದು ಕೂರಿಸುತ್ತೇವೆ. ಕಾರಿಗೂ ಹಾಗೆಯೇ ಮಾಡಬಹುದೇ? ದೊಡ್ಡ ಕ್ರಿಂಪಿಂಗ್ ಟೂಲ್ ಕೊಳ್ಳಬೇಕೇ?
— ಓದುಗರು, ಹೊನ್ನಾವರ

ಉತ್ತರ: ದೋಣಿಗೂ ಹಾಗೆ ಮಾಡಬಾರದಿತ್ತು. ಸ್ಟಾರ್ಟರ್ ತಿರುಗುವಾಗ ಆ ಕೇಬಲ್ಲಿನಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ. ಬಡಿದ ಥಿಂಬಲ್ ಒಂದು ಕಡೆ ಚಪ್ಪಟೆಯಾದರೂ ಪಕ್ಕಗಳಲ್ಲಿ ಪೊಳ್ಳು ಉಳಿಯುತ್ತದೆ. ಉಪ್ಪುನೀರು ಸೇರುವುದು ಆ ಪೊಳ್ಳಿಗೇ. 16, 25, 35 ಚದರ ಮಿ.ಮೀ. ಕೇಬಲ್ಲುಗಳ ಥಿಂಬಲ್ಲಿಗೆ ಆರು ಮೂಲೆಯ ಡೈ ಇರುವ ಹೈಡ್ರಾಲಿಕ್ ಟೂಲ್ ಬೇಕು. ಅದನ್ನು ಮಾತ್ರ ನೀವು ಕೊಳ್ಳಬೇಕಾಗಿಲ್ಲ. ಪಂಪ್‌ಸೆಟ್ ರಿವೈಂಡಿಂಗ್ ಮಾಡುವವರಲ್ಲಿ ಅಥವಾ ಪ್ಯಾನೆಲ್ ಬೋರ್ಡ್ ಕಟ್ಟುವವರಲ್ಲಿ ವಿಚಾರಿಸಿ, ಅಳತೆಗೆ ಕತ್ತರಿಸಿದ ಕೇಬಲ್ ಒಯ್ದು ಒತ್ತಿಸಿಕೊಂಡು ಬನ್ನಿ. ಡೋವೆಲ್ಸ್ ಮೊದಲಾದವರ ತವರ ಲೇಪಿಸಿದ ತಾಮ್ರದ ಥಿಂಬಲ್ ಕೇಳಿ. ಅಲ್ಯೂಮಿನಿಯಂ ಥಿಂಬಲ್ ನೋಡಲು ಹಾಗೆಯೇ ಇರುತ್ತದೆ, ಉಪ್ಪಿನ ಪಸೆಯಲ್ಲಿ ತಾಮ್ರದ ಜೊತೆ ಸೇರಿದರೆ ಬೇಗ ಕರಗುತ್ತದೆ. ದೋಣಿಗೆ ಒಂದೊಂದು ಎಳೆಗೂ ತವರ ಲೇಪಿಸಿದ ವೈರು ಸಿಕ್ಕರೆ ದುಬಾರಿಯಾದರೂ ಅದನ್ನೇ ಹಾಕಿ.

ನಿಮ್ಮ ಪತ್ರದಲ್ಲಿ ಟೂಲಿಗೆ ತುಕ್ಕು ಹಿಡಿಯುವುದನ್ನೂ ಬರೆದಿದ್ದೀರಿ. ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ತೆಂಗಿನೆಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟಿ ಕೀಲು ಬಿಗಿಯುತ್ತದೆ. ಡೈಯ ಒಳಮೈಯನ್ನು ಮಾತ್ರ ಒಣಗಿದ ಬಟ್ಟೆಯಲ್ಲಿ ಒರೆಸಿಯೇ ಬಳಸಿ.

ಪ್ರಶ್ನೆ: ಒತ್ತಿದ ಜೋಡಣೆ ಸರಿಯಾಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವ ಬಗೆ ತಿಳಿಸಿ. ಮಲ್ಟಿಮೀಟರ್ ಇದೆ.
— ಓದುಗರು, ಅಂಕೋಲಾ

ಉತ್ತರ: ಮೊದಲ ಪರೀಕ್ಷೆ ಕೈಯಿಂದ. ಟರ್ಮಿನಲ್ಲನ್ನು ಇಕ್ಕಳದಲ್ಲಿ ಹಿಡಿದು ವೈರನ್ನು ಗಟ್ಟಿಯಾಗಿ ಎಳೆಯಿರಿ. 1.5 ಚದರ ಮಿ.ಮೀ. ವೈರಿನ ಒಳ್ಳೆಯ ಕ್ರಿಂಪ್ ಹತ್ತು ಕಿಲೋಗಿಂತ ಹೆಚ್ಚಿನ ಭಾರ ತಡೆಯಬೇಕು. ಹೊಸ ಟೂಲ್ ತಂದಾಗ ಒಂದೆರಡು ಟರ್ಮಿನಲ್ ಬಲಿಕೊಟ್ಟು, ನೀರು ತುಂಬಿದ ಕೊಡವನ್ನೇ ವೈರಿಗೆ ತೂಗಿಸಿ ನೋಡಬಹುದು. ವೈರು ನುಣ್ಣಗೆ ಜಾರಿ ಬಂದರೆ ಒತ್ತಡ ಕಡಿಮೆ, ಟರ್ಮಿನಲ್ಲಿನ ಅಂಚಿನಲ್ಲಿ ಎಳೆಗಳು ಕತ್ತರಿಸಿದಂತೆ ತುಂಡಾದರೆ ಹೆಚ್ಚು. ಅದಕ್ಕೆ ತಕ್ಕಂತೆ ಹಿಡಿಕೆಯ ಚಕ್ರವನ್ನು ಒಂದೊಂದೇ ಹಲ್ಲು ಸರಿಸಿ.

ಎರಡನೆಯದು ಮೀಟರಿನಿಂದ. ಓಮ್ ಅಳೆಯಲು ಹೋಗಬೇಡಿ, ಮೀಟರಿನ ವೈರುಗಳ ತಡೆಯೇ ನಿಮ್ಮ ಜೋಡಣೆಯ ತಡೆಗಿಂತ ಹೆಚ್ಚಿರುತ್ತದೆ. ಟ್ಯೂಬ್ ಹಾಕುವ ಮೊದಲು ದೀಪ ಉರಿಸಿ, ಮೀಟರನ್ನು ಡಿ.ಸಿ. ಮಿಲಿವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಟರ್ಮಿನಲ್ಲಿನ ಮುಂಭಾಗಕ್ಕೂ ಇನ್ನೊಂದನ್ನು ರೆಕ್ಕೆಗಳ ನಡುವೆ ಕಾಣುವ ತಾಮ್ರಕ್ಕೂ ತಾಗಿಸಿ. ಹತ್ತು ಆಂಪಿಯರ್ ಹರಿಯುತ್ತಿರುವಾಗ ಹತ್ತು ಮಿಲಿವೋಲ್ಟಿನ ಒಳಗೆ ತೋರಿಸಿದರೆ ಟ್ಯೂಬ್ ಹಾಕಿ ಕಾಯಿಸಿ. ನೂರರ ಹತ್ತಿರ ಹೋದರೆ ಟರ್ಮಿನಲ್ಲನ್ನು ಮತ್ತೆ ಒತ್ತುವ ಗೋಜಿಗೆ ಹೋಗದೆ ಕತ್ತರಿಸಿ ಎಸೆದು, ಹೊಸದನ್ನು ಹಾಕಿ.